ಚೈನ್ ರೆಂಚ್: ಜಗ್ಗದ ಫಿಲ್ಟರಿಗೆ ಕೊನೆಗೂ ಸಿಕ್ಕ ಹಿಡಿತ

ಕುಂಬಳೆಯ ನಮ್ಮ ಮನೆಯಲ್ಲಿ ಅಪ್ಪ ಜೋಪಾನ ಮಾಡಿದ 1987ರ ಮಾರುತಿ 800 ಇದೆ. ಮೂರು ಮಳೆಗಾಲ ಬದಲಾಯಿಸದ ಅದರ ಆಯಿಲ್ ಫಿಲ್ಟರ್ (ಎಂಜಿನ್ ಆಯಿಲ್ ಸೋಸುವ ತಗಡಿನ ಡಬ್ಬಿ) ಈ ಸಲ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಪಟ್ಟಿಯ ರೆಂಚ್ ಜಿಡ್ಡಿನಲ್ಲಿ ಜಾರಿತು. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸಲು ನನಗೆ ಮನಸ್ಸಾಗಲಿಲ್ಲ; ತಗಡು ಹರಿದರೆ ಹಿಡಿಯಲು ಏನೂ ಉಳಿಯುವುದಿಲ್ಲ.

ಕಾಸರಗೋಡು ಪೇಟೆಯಲ್ಲಿ 420 ರೂಪಾಯಿಗೆ ಚೈನ್ ರೆಂಚ್, ಅಂದರೆ ಹಿಡಿಗೆ ಸರಪಳಿ ಜೋಡಿಸಿದ ರೆಂಚ್ ಕೊಂಡೆ. ಎಂಜಿನ್ ಐದು ನಿಮಿಷ ಓಡಿಸಿ ನಿಲ್ಲಿಸಿ, ಬೆಚ್ಚಗಿದ್ದಾಗಲೇ ಹಳೆಯ ಆಯಿಲ್ ಇಳಿಸಿದೆ. ಸರಪಳಿಯನ್ನು ಫಿಲ್ಟರಿನ ಬುಡಕ್ಕೇ ಸುತ್ತಿದೆ. ತಗಡು ಗಟ್ಟಿಯಾಗಿರುವುದು ಅಲ್ಲಿ; ನಡುವೆ ಹಿಡಿದರೆ ನಜ್ಜುಗುಜ್ಜಾಗುತ್ತದೆ. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ನಿಧಾನಕ್ಕೆ ಒತ್ತಿದೆ. ಎರಡನೆಯ ಸಲ ಒತ್ತಿದಾಗ ಫಿಲ್ಟರ್ ಸಡಿಲಾಯಿತು. ಆ ಕ್ಷಣದ ಸಂತೋಷ ಹೇಳತೀರದು!

ಈ ರೆಂಚಿನ ಹಿಡಿ ತುಸು ಹೆಚ್ಚೇ ಉದ್ದ, ಇಕ್ಕಟ್ಟಿನಲ್ಲಿ ಸ್ವಲ್ಪವೇ ತಿರುಗುತ್ತದೆ. ಸರಪಳಿ ತಗಡಿನಲ್ಲಿ ತಗ್ಗು ಮಾಡುವುದರಿಂದ ಹೊಸ ಫಿಲ್ಟರ್ ಕೂರಿಸಲು ಇದನ್ನು ಖಂಡಿತ ಬಳಸಬಾರದು. ಹಳೆಯ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ. ನನ್ನದು ಅಂಟಿಕೊಂಡಿತ್ತು, ಕಿತ್ತು ತೆಗೆದೆ. ಹೊಸ ಉಂಗುರಕ್ಕೆ ಆಯಿಲ್ ಸವರಿ, ಅದು ಎಂಜಿನ್ನಿಗೆ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ತಿರುಗಿಸಿದೆ. ಒಂದು ಹನಿಯೂ ಸೋರಿಲ್ಲ.