ಶಾಸಕರ ವರದಿಯೋ, ಸಂಸದರ ವರದಿಯೋ? ಯಾರನ್ನು ಏನು ಕೇಳಬೇಕು

ಅಧಿವೇಶನ ಮುಗಿದ ಮೇಲೆ ಇಬ್ಬರ ವರದಿಯೂ ವಾಟ್ಸಾಪ್‌ಗೆ ಬರುತ್ತೆ. ಎರಡರಲ್ಲೂ ಕೈಮುಗಿದ ಫೋಟೊ, ಎರಡರಲ್ಲೂ ಆನೆ, ಕಾಫಿ, ರಸ್ತೆ. ಹಾಗಾದರೆ ಯಾರನ್ನು ಹಿಡಿಯಬೇಕು?

ಸಕಲೇಶಪುರ, ಆಲೂರು ಕಡೆ ಆನೆ ಗದ್ದೆ ತುಳಿದರೆ ಪರಿಹಾರ ಕೊಡೋದು ರಾಜ್ಯದ ಅರಣ್ಯ ಇಲಾಖೆ. ಹಾಗಾಗಿ ಶಾಸಕರನ್ನೇ ಕೇಳಿ. ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಚರ್ಚೆಗೆ ಬಂದರೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆಯನ್ನೂ ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ವರದಿಯಲ್ಲಿ ಸುಮ್ನೆ ‘ಸದನದ ಗಮನ ಸೆಳೆದಿದ್ದೇನೆ’ ಅಂತಿದ್ದರೆ ನನಗೆ ಸಮಾಧಾನ ಇಲ್ಲ. ಮಂತ್ರಿ ಏನು ಹೇಳಿದರು ಸ್ವಾಮಿ, ಅದನ್ನು ಹಾಕಿ.

ಕಾಫಿ ಮಂಡಳಿ ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗಿದೆ. ಶಿರಾಡಿ ಘಾಟಿ ರಸ್ತೆ ರಾಷ್ಟ್ರೀಯ ಹೆದ್ದಾರಿ 75. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಸಂಸತ್ತು ಮಾಡಿದ್ದೇ. ಇಲ್ಲೆಲ್ಲ ಸಂಸದರ ವರದಿಗೇ ತೂಕ ಜಾಸ್ತಿ. ಕಡೂರಿನವರು ಮಾತ್ರ ಸ್ವಲ್ಪ ನೋಡಿಕೊಳ್ಳಿ: ಜಿಲ್ಲೆ ಚಿಕ್ಕಮಗಳೂರಾದರೂ ನಿಮ್ಮ ಲೋಕಸಭಾ ಕ್ಷೇತ್ರ ಹಾಸನ. ಉಡುಪಿ ಚಿಕ್ಕಮಗಳೂರು ಸಂಸದರಿಗೆ ಅರ್ಜಿ ಕೊಟ್ಟು ಕಾಯಬೇಡಿ.

ದುಡ್ಡಿನ ವಿಷಯ? ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ಶಾಸಕರಿಗೆ 2 ಕೋಟಿ, ಸಂಸದರಿಗೆ 5 ಕೋಟಿ. ಐದು ದೊಡ್ಡದು ಅನ್ನಿಸುತ್ತೆ ಅಲ್ವಾ, ಆದರೆ ಅದು ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿಹೋಗಬೇಕು. ಊರಿಗೊಂದು ಬಸ್ ತಂಗುದಾಣ ಬೇಕಿದ್ದರೆ ಮೊದಲು ಶಾಸಕರ ಕಚೇರಿಗೇ ಅರ್ಜಿ ಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.