ಮಡಿಕೇರಿ ಕೋಟೆ, ಅದರ ವಸ್ತುಸಂಗ್ರಹಾಲಯ ಮತ್ತು ರಾಜಾಸೀಟ್

ಮಡಿಕೇರಿಗೆ ಬಂದವರು ನೇರವಾಗಿ ರಾಜಾಸೀಟಿಗೆ ಹೋಗಿ ಫೋಟೋ ತೆಗೆಸಿಕೊಂಡು ಮರಳುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಮೊದಲು ನೋಡಬೇಕಾದದ್ದು ಕೋಟೆ. 17ನೆಯ ಶತಮಾನದಲ್ಲಿ ಮುದ್ದುರಾಜನು ಕಟ್ಟಿಸಿದ ಈ ಕೋಟೆಯನ್ನು ಮುಂದೆ ಟಿಪ್ಪು ಸುಲ್ತಾನನು ಕಲ್ಲಿನಲ್ಲಿ ಪುನರ್ನಿರ್ಮಿಸಿ ಜಾಫರಾಬಾದ್ ಎಂದು ಹೆಸರಿಟ್ಟನು. ಒಳಗಿನ ಅರಮನೆಯನ್ನು 1812ರಿಂದ 1814ರ ಅವಧಿಯಲ್ಲಿ ಲಿಂಗರಾಜೇಂದ್ರನು ನವೀಕರಿಸಿದನು.

ಅಂಗಳದಲ್ಲಿ ನಿಂತಿರುವ ಗಾರೆಯ ಎರಡು ಆನೆಗಳು ನಿಜವಾದ ಆನೆಯಷ್ಟೇ ಎತ್ತರವಾಗಿವೆ. ಕಳೆದ ಬಾರಿ ಜೊತೆಗಿದ್ದ ಅತ್ತೆಯವರು ಒಂದರ ಸೊಂಡಿಲಿನ ಕೆಳಗೆ ನಿಂತು ಬಹಳ ಹೊತ್ತು ಮಾತನಾಡಲೇ ಇಲ್ಲ.

ಕೋಟೆಯ ಆವರಣದಲ್ಲಿರುವ ಬ್ರಿಟಿಷರ ಕಾಲದ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ ಈಗ ರಾಜ್ಯ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಚರ್ಚಿನ ಬಣ್ಣದ ಗಾಜಿನ ಕಿಟಕಿಗಳ ನಡುವೆ ಜೈನ ತೀರ್ಥಂಕರರ ವಿಗ್ರಹಗಳು, ವೀರಗಲ್ಲುಗಳು ಮತ್ತು ಹಳೆಯ ಆಯುಧಗಳು ಒಂದೇ ಸೂರಿನಡಿ ಸೇರಿರುವುದು ಕೊಡಗಿನ ಚರಿತ್ರೆಯನ್ನು ಯಾವ ವಿವರಣೆಗಿಂತಲೂ ಚೆನ್ನಾಗಿ ತಿಳಿಸುತ್ತದೆ. ಜಾಗ ಚಿಕ್ಕದು, ಆದರೆ ಒಂದು ಗಂಟೆಯನ್ನಾದರೂ ಇಲ್ಲಿಗೆ ಮೀಸಲಿಡಬೇಕು.

ಅನಂತರ ರಾಜಾಸೀಟ್. ತೋಟಗಾರಿಕೆ ಇಲಾಖೆಯವರು ನೋಡಿಕೊಳ್ಳುವ ಈ ಉದ್ಯಾನದಲ್ಲಿ ಹೂವಿನ ಮಡಿಗಳನ್ನು ದಾಟಿ ಹೋದರೆ, ಇಟ್ಟಿಗೆ ಗಾರೆಯ ನಾಲ್ಕು ಕಂಬಗಳ ಪುಟ್ಟ ಮಂಟಪ ಸಿಗುತ್ತದೆ. ಕೊಡಗಿನ ಅರಸರು ಸೂರ್ಯಾಸ್ತವನ್ನು ನೋಡಲು ಬರುತ್ತಿದ್ದುದು ಇಲ್ಲಿಗೇ. ಸಂಜೆಯ ಜನಜಂಗುಳಿಯಲ್ಲಿ ಅಂಚಿನವರೆಗೆ ತಲುಪುವುದೇ ಕಷ್ಟವಾದ್ದರಿಂದ, ಕಣಿವೆಯ ಮಂಜು ಇನ್ನೂ ಕರಗದಿರುವ ಬೆಳಗಿನ ಹೊತ್ತನ್ನೇ ನಾನು ಸೂಚಿಸುತ್ತೇನೆ. ಮಳೆಗಾಲದಲ್ಲಿ ಬರುವವರು ಕೊಡೆಯ ಜೊತೆಗೆ ಜಾರದ ಚಪ್ಪಲಿಯನ್ನೂ ತರಬೇಕು.