ಸಿಸಿಎನ್‌ಎ ಓದೋಕೆ ಪ್ಯಾಕೆಟ್ ಟ್ರೇಸರ್ ಸಾಕಾ? ಬಹಳ ಕಾಲ ಬಳಸಿದ ಮೇಲೆ ಬರೆದ ವಿಮರ್ಶೆ

ಸಿಸಿಎನ್‌ಎ ಅಂದರೆ ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ. ಕಂಪ್ಯೂಟರ್‌ನೊಳಗೇ ನೆಟ್‌ವರ್ಕ್ ಕಟ್ಟಿ ಅಭ್ಯಾಸ ಮಾಡಲು ಅದೇ ಕಂಪನಿ ಕೊಡುವ ಸಾಫ್ಟ್‌ವೇರ್ ಪ್ಯಾಕೆಟ್ ಟ್ರೇಸರ್. ಅದರ ಬಗ್ಗೆ ಎರಡು ಥರದ ಮಾತು ಕೇಳಿಬರುತ್ತದೆ. ಕೆಲಸದಲ್ಲಿ ಪಳಗಿದವರು "ಅದು ಆಟದ ಸಾಮಾನು, ಬಿಡಿ" ಅನ್ನುತ್ತಾರೆ. ಈಗಷ್ಟೇ ಓದಲು ಕೂತವರು "ಇದೊಂದಿದ್ದರೆ ಸಾಕಲ್ವಾ?" ಅನ್ನುತ್ತಾರೆ. ನಾನು ಪರೀಕ್ಷೆಗೆ ಓದುವಾಗ ಇದನ್ನು ಬಳಸಿದೆ. ಪಾಸಾಗಿ ಕೆಲಸ ಮಾಡುವಾಗಲೂ ಬಳಸಿದೆ. ಈಗ ಹೊಸಬರಿಗೆ ಹೇಳಿಕೊಡುವಾಗಲೂ ಇದನ್ನೇ ತೆರೆಯುತ್ತೇನೆ. ನನಗನ್ನಿಸುವುದು ಇಷ್ಟು: ಇಬ್ಬರೂ ಇದನ್ನು ಕಮಾಂಡ್ ಟೈಪ್ ಮಾಡುವ ಯಂತ್ರ ಅಂತಲೇ ನೋಡುತ್ತಿದ್ದಾರೆ. ಇದರ ನಿಜವಾದ ಬೆಲೆ ಬೇರೆ ಕಡೆ ಇದೆ. ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಸಾಗುವ ಮಾಹಿತಿಯ ತುಣುಕು) ಎಲ್ಲಿಂದ ಹೊರಟಿತು, ಎಲ್ಲಿ ಬಿತ್ತು, ಯಾಕೆ ಬಿತ್ತು ಅನ್ನುವುದನ್ನು ನಿಲ್ಲಿಸಿ ನಿಲ್ಲಿಸಿ ನೋಡಲು ಬಿಡುತ್ತದಲ್ಲ, ಅದು.

ಮೊದಲು ಬೇಸಿಕ್ ವಿಷಯ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಬಳಸಲು ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯ ಖಾತೆ ಬೇಕು, ಅದು ಉಚಿತ. ಸಾಧಾರಣ ಲ್ಯಾಪ್‌ಟಾಪ್ ಸಾಕು, ಯಾಕೆಂದರೆ ಇದರೊಳಗೆ ನಿಜವಾದ ರೂಟರ್ ಸಾಫ್ಟ್‌ವೇರ್ ಓಡುವುದಿಲ್ಲ. ಅದರಂತೆ ನಡೆದುಕೊಳ್ಳುವ ಒಂದು ಅನುಕರಣೆ ಮಾತ್ರ ಓಡುತ್ತದೆ. ಈ ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಇದರ ಒಳ್ಳೆಯದು, ಕೆಟ್ಟದ್ದು ಎರಡೂ ಅರ್ಥವಾಗುತ್ತವೆ.

ಹೆಚ್ಚಿನವರು ರಿಯಲ್‌ಟೈಮ್ ಮೋಡ್‌ನಲ್ಲೇ ಇದ್ದುಬಿಡುತ್ತಾರೆ. ಪಕ್ಕದಲ್ಲೇ ಸಿಮ್ಯುಲೇಶನ್ ಅಂತ ಇನ್ನೊಂದು ಬಟನ್ ಇದೆ. ನನ್ನ ಮಟ್ಟಿಗೆ ಇಡೀ ಸಾಫ್ಟ್‌ವೇರ್‌ನ ಜೀವ ಅಲ್ಲಿದೆ. ಒಂದು ಸಣ್ಣ ಲ್ಯಾಬ್ ಕಟ್ಟಿ ನೋಡಿ: ನಡುವೆ ಒಂದು ರೂಟರ್ (ಬೇರೆ ಬೇರೆ ನೆಟ್‌ವರ್ಕ್ ಜೋಡಿಸುವ ಸಾಧನ), ಆಚೆ ಈಚೆ ಒಂದೊಂದು ಸ್ವಿಚ್ (ಒಂದೇ ನೆಟ್‌ವರ್ಕ್‌ನ ಪಿಸಿಗಳನ್ನು ಜೋಡಿಸುವ ಸಾಧನ), ಪ್ರತಿ ಸ್ವಿಚ್‌ಗೆ ಎರಡು ಪಿಸಿ. ಈ ಕಡೆಯ ಪಿಸಿಯಿಂದ ಆ ಕಡೆಯ ಪಿಸಿಗೆ ಪಿಂಗ್ (ಅಲ್ಲಿಗೆ ತಲುಪುತ್ತದಾ ಅಂತ ನೋಡುವ ಕಮಾಂಡ್) ಮಾಡಿ. ಮೊದಲ ಸಾಲು "ರಿಕ್ವೆಸ್ಟ್ ಟೈಮ್ಡ್ ಔಟ್" ಅನ್ನುತ್ತದೆ, ಆಮೇಲಿನ ಮೂರಕ್ಕೆ ಉತ್ತರ ಬರುತ್ತದೆ. ಹೊಸಬರು ಇಲ್ಲಿ ಗಾಬರಿಯಾಗಿ ಕಾನ್ಫಿಗರೇಶನ್ ಅಳಿಸಿ ಮತ್ತೆ ಶುರು ಮಾಡುತ್ತಾರೆ. ಅದೇ ಪಿಂಗ್ ಅನ್ನು ಸಿಮ್ಯುಲೇಶನ್ ಮೋಡ್‌ನಲ್ಲಿ ಹಾಕಿ, ಒಂದೊಂದೇ ಹೆಜ್ಜೆ ಮುಂದೆ ಒತ್ತಿ.

ಪಿಸಿಯ ಮೇಲೆ ಎರಡು ಬಣ್ಣದ ಲಕೋಟೆ ಕಾಣುತ್ತವೆ, ಒಂದೊಂದು ಲಕೋಟೆ ಒಂದೊಂದು ಪ್ಯಾಕೆಟ್. ಒಂದು ನೀವು ಕಳಿಸಿದ ಐಸಿಎಂಪಿ (ಪಿಂಗ್‌ನ ಸಂದೇಶ), ಇನ್ನೊಂದು ನೀವು ಕೇಳದೇ ಇದ್ದ ಎಆರ್‌ಪಿ (ಈ ಐಪಿ ಇರುವ ಸಾಧನದ ಮ್ಯಾಕ್, ಅಂದರೆ ಹಾರ್ಡ್‌ವೇರ್ ವಿಳಾಸ ಯಾವುದು ಅಂತ ಕೇಳುವ ಸಂದೇಶ). ಮೊದಲು ಹೊರಡುವುದು ಎಆರ್‌ಪಿ. ಗುರಿಯ ವಿಳಾಸ ತನ್ನ ನೆಟ್‌ವರ್ಕ್‌ನದ್ದಲ್ಲ ಅಂತ ಪಿಸಿ ಮಾಸ್ಕ್ (ವಿಳಾಸದಲ್ಲಿ ನೆಟ್‌ವರ್ಕ್‌ನ ಭಾಗ ಎಷ್ಟು ಅಂತ ಹೇಳುವ ಸಂಖ್ಯೆ) ಹಾಕಿ ನೋಡಿಕೊಂಡಿದೆ, ಹಾಗಾಗಿ ಅದಕ್ಕೆ ಗೇಟ್‌ವೇಯ, ಅಂದರೆ ಹೊರಗೆ ಕಳಿಸುವ ರೂಟರ್‌ನ ಮ್ಯಾಕ್ ವಿಳಾಸ ಬೇಕು. ಸ್ವಿಚ್ ಆ ಲಕೋಟೆಯನ್ನು ಬಂದ ಪೋರ್ಟ್ ಬಿಟ್ಟು ಉಳಿದ ಎಲ್ಲಾ ಪೋರ್ಟ್‌ಗೂ ಹಂಚುತ್ತದೆ. ಪಕ್ಕದ ಪಿಸಿ "ನನಗಲ್ಲ" ಅಂತ ಎಸೆಯುತ್ತದೆ, ಅದರ ಮೇಲೆ ಕೆಂಪು ಗುರುತು ಬೀಳುತ್ತದೆ. ರೂಟರ್ ಮಾತ್ರ ಉತ್ತರ ಕೊಡುತ್ತದೆ. ಈಗ ಐಸಿಎಂಪಿ ಹೊರಟು ರೂಟರ್ ಮುಟ್ಟುತ್ತದೆ, ಅಲ್ಲೇ ಬೀಳುತ್ತದೆ. ಯಾಕೆ? ಆಚೆ ಕಡೆಯ ಪಿಸಿಯ ಮ್ಯಾಕ್ ರೂಟರ್‌ಗೂ ಗೊತ್ತಿಲ್ಲ. ಅದು ಈ ಪ್ಯಾಕೆಟ್ ಅನ್ನು ಬಿಟ್ಟು, ತಾನೊಂದು ಎಆರ್‌ಪಿ ಕಳಿಸಿ ವಿಚಾರಿಸುತ್ತದೆ. ಎರಡನೇ ಪಿಂಗ್ ಬರುವ ಹೊತ್ತಿಗೆ ಉತ್ತರ ಸಿಕ್ಕಿರುತ್ತದೆ, ದಾರಿ ಸಲೀಸು. ಸಿಸ್ಕೋ ರೂಟರ್‌ನಿಂದಲೇ ಪಿಂಗ್ ಮಾಡಿದಾಗ ಒಂದು ಚುಕ್ಕಿ (ಉತ್ತರ ಇಲ್ಲ), ನಾಲ್ಕು ಆಶ್ಚರ್ಯ ಚಿಹ್ನೆ (ಉತ್ತರ ಬಂತು), "80 ಪರ್ಸೆಂಟ್" ಅಂತ ಬರುತ್ತದಲ್ಲ, ಅದರ ಹಿಂದಿರುವುದೂ ಸಾಮಾನ್ಯವಾಗಿ ಇದೇ ಕಥೆ.

ಇನ್ನೂ ಒಂದು ಹೆಜ್ಜೆ ಹೋಗಿ. ಎರಡನೇ ಪಿಂಗ್ ಬಂದಾಗ ರೂಟರ್ ಮೇಲಿರುವ ಲಕೋಟೆ ಕ್ಲಿಕ್ ಮಾಡಿ, ಒಳಬಂದ ಫ್ರೇಮ್ (ಪ್ಯಾಕೆಟ್‌ನ ಹೊರ ಹೊದಿಕೆ) ಮತ್ತು ಹೊರಹೋಗುವ ಫ್ರೇಮ್ ಎರಡನ್ನೂ ಹೋಲಿಸಿ. ಐಪಿ ವಿಳಾಸಗಳು ಹಾಗೇ ಇವೆ. ಮ್ಯಾಕ್ ವಿಳಾಸಗಳು ಎರಡೂ ಬದಲಾಗಿವೆ. ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ರೂಟರ್ ದಾಟಬಹುದು ಅನ್ನುವ ಎಣಿಕೆ) 128 ಇದ್ದದ್ದು 127 ಆಗಿದೆ. "ಮ್ಯಾಕ್ ಒಂದು ಹಾಪ್‌ಗೆ ಮಾತ್ರ, ಐಪಿ ಕೊನೆತನಕ" ಅನ್ನುವ ಸಾಲನ್ನು ಎಷ್ಟು ಸಲ ಓದಿದರೂ ಬಾಯಿಪಾಠವೇ. ಇಲ್ಲಿ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಎನ್‌ಎಟಿ (ದಾರಿಯಲ್ಲಿ ಐಪಿ ವಿಳಾಸ ಬದಲಿಸುವ ವ್ಯವಸ್ಥೆ) ಹಾಕಿದ ಲ್ಯಾಬ್‌ನಲ್ಲಿ ಇದನ್ನೇ ಮಾಡಿದರೆ ಐಪಿಯೂ ಬದಲಾಗುವುದು ಕಾಣುತ್ತದೆ, ಆ ವ್ಯತ್ಯಾಸ ಅಲ್ಲೇ ಹೊಳೆಯುತ್ತದೆ.

ಒಂದು ಅಭ್ಯಾಸ ಮಾಡಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮುಂದಿನ ಹೆಜ್ಜೆ ಒತ್ತುವ ಮೊದಲು "ಲಕೋಟೆ ಈಗ ಎಲ್ಲಿಗೆ ಹೋಗುತ್ತೆ?" ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ಒತ್ತಿ. ಸುಮ್ನೆ ಒತ್ತುತ್ತಾ ಹೋದರೆ ಚೆಂದದ ಅನಿಮೇಶನ್ ನೋಡಿದ ಹಾಗಾಗುತ್ತದೆ, ಅಷ್ಟೆ. ಇನ್ನೊಂದು, ಫಿಲ್ಟರ್‌ನಲ್ಲಿ ಬೇಕಾದ ಪ್ರೋಟೋಕಾಲ್ ಮಾತ್ರ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸಾಧನಗಳು ತಮ್ಮಷ್ಟಕ್ಕೇ ಕಳಿಸುವ ಸಿಡಿಪಿ, ಎಸ್‌ಟಿಪಿ, ಡಿಟಿಪಿ ಎಲ್ಲಾ ಸೇರಿ ಪರದೆ ತುಂಬಾ ಲಕೋಟೆ ಓಡಾಡುತ್ತವೆ.

ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳ ನಡುವೆ ಫ್ರೇಮ್‌ಗಳು ಸುತ್ತುತ್ತಲೇ ಇರದಂತೆ ಹೆಚ್ಚುವರಿ ದಾರಿ ಮುಚ್ಚುವ ವ್ಯವಸ್ಥೆ, ಎಸ್‌ಟಿಪಿ) ಕಲಿಯಲು ಇದಕ್ಕಿಂತ ಸುಲಭದ ಜಾಗ ನಾನು ಕಂಡಿಲ್ಲ. ಮೂರು 2960 ಮಾದರಿಯ ಸ್ವಿಚ್ ತ್ರಿಕೋನವಾಗಿ ಜೋಡಿಸಿ. ಒಂದು ಲಿಂಕ್‌ನ ಒಂದು ತುದಿ ಕಿತ್ತಳೆ ಬಣ್ಣದಲ್ಲೇ ಉಳಿಯುತ್ತದೆ, ಮುಚ್ಚಿರುವುದು ಅದೇ. ಯಾವ ತುದಿ ಅಂತ ಮೊದಲೇ ಹೇಳಬಲ್ಲಿರಾ? ಪ್ರಯಾರಿಟಿ ಎಲ್ಲದರಲ್ಲೂ 32768 ಇರುವಾಗ ಕಡಿಮೆ ಮ್ಯಾಕ್ ವಿಳಾಸ ಇರುವ ಸ್ವಿಚ್ ರೂಟ್ ಬ್ರಿಡ್ಜ್ (ಉಳಿದವು ದಾರಿ ಲೆಕ್ಕ ಹಾಕಲು ಆಧಾರವಾಗುವ ಸ್ವಿಚ್) ಆಗುತ್ತದೆ. ತೆರೆಯ ಮೇಲೆ 32769 ಅಂತ ಕಂಡರೆ ಬೆಚ್ಚಬೇಡಿ, ವಿಲ್ಯಾನ್ (ಸ್ವಿಚ್ ಅನ್ನು ಬೇರೆ ಬೇರೆ ನೆಟ್‌ವರ್ಕ್ ಆಗಿ ಒಡೆಯುವ ಗುಂಪು) ಸಂಖ್ಯೆ 1 ಅದಕ್ಕೆ ಸೇರಿಕೊಂಡಿದೆ. "ರೂಟ್ ಪ್ರೈಮರಿ" ಕಮಾಂಡ್ ಅನ್ನು ಇನ್ನೊಂದು ಸ್ವಿಚ್‌ಗೆ ಕೊಡಿ, ಕಿತ್ತಳೆ ದೀಪ ಬೇರೆ ಕಡೆ ಹೋಗುವುದನ್ನು ನೋಡಿ. ರೇಡಿಯಾ ಪರ್ಲ್‌ಮನ್ 1985ರಲ್ಲಿ ಡಿಇಸಿ ಕಂಪನಿಯಲ್ಲಿದ್ದಾಗ ರೂಪಿಸಿದ ಈ ಲೆಕ್ಕಾಚಾರ ಕಾಗದದ ಮೇಲೆ ಒಣಗಿದಂತೆ ಕಾಣುತ್ತದೆ, ದೀಪ ಬದಲಾಗುವಾಗ ಹಾಗಲ್ಲ.

ಇಲ್ಲಿ ಒಂದು ಎಚ್ಚರಿಕೆ. ಸಮಯ ಮುಂದೋಡಿಸುವ ಬಟನ್ ಇದೆ, ಫಾಸ್ಟ್ ಫಾರ್ವರ್ಡ್. ಶುರುವಿನಲ್ಲಿ ಅದನ್ನು ಮುಟ್ಟಲೇಬೇಡಿ. ಪಿಸಿಗೆ ಕೇಬಲ್ ಹಾಕಿದ ಕೂಡಲೇ ಡಿಎಚ್‌ಸಿಪಿ (ಐಪಿ ವಿಳಾಸವನ್ನು ನೆಟ್‌ವರ್ಕ್‌ನಿಂದ ಕೇಳಿ ಪಡೆಯುವ ವಿಧಾನ) ಒತ್ತಿದರೆ ಕೆಲವೊಮ್ಮೆ 169.254 ಅಂತ ಶುರುವಾಗುವ ವಿಳಾಸ ಬರುತ್ತದೆ. ಸ್ಪ್ಯಾನಿಂಗ್ ಟ್ರೀಯಿಂದಾಗಿ ಸ್ವಿಚ್ ಪೋರ್ಟ್ ಇನ್ನೂ ಲಿಸನಿಂಗ್‌ನಲ್ಲಿ 15 ಸೆಕೆಂಡು, ಲರ್ನಿಂಗ್‌ನಲ್ಲಿ 15 ಸೆಕೆಂಡು ಕಳೆಯುತ್ತಿದೆ. ಅಷ್ಟರಲ್ಲಿ ಪಿಸಿ ಕೇಳಿ ಸುಸ್ತಾಗಿ ತನಗೆ ತಾನೇ ವಿಳಾಸ ಕೊಟ್ಟುಕೊಂಡಿದೆ. ಆ ಅರ್ಧ ನಿಮಿಷ ಕಾಯುವ ಬೇಸರ ಅನುಭವಿಸಿದವರಿಗೆ ಪೋರ್ಟ್‌ಫಾಸ್ಟ್ (ಆ ಕಾಯುವಿಕೆ ತಪ್ಪಿಸುವ ಸೆಟ್ಟಿಂಗ್) ಯಾಕೆ ಬೇಕು ಅಂತ ವಿವರಿಸಬೇಕಾಗಿಲ್ಲ.

ರೂಟಿಂಗ್ ಕಲಿಯುವುದಕ್ಕೆ ನಾನು ಹೇಳುವ ದಾರಿ: ಮೊದಲು ಕಟ್ಟಿ, ಆಮೇಲೆ ಬೇಕಂತಲೇ ಕೆಡಿಸಿ. ಮೂರು ರೂಟರ್‌ನಲ್ಲಿ ಓಎಸ್‌ಪಿಎಫ್ (ರೂಟರ್‌ಗಳು ಒಂದಕ್ಕೊಂದು ದಾರಿ ತಿಳಿಸಿಕೊಳ್ಳುವ ಪ್ರೋಟೋಕಾಲ್) ಏಳಿಸಿ, ನೆರೆಯವರ ಪಟ್ಟಿ ಸರಿ ಇದೆಯಾ ನೋಡಿ. ಈಗ ಒಂದು ಇಂಟರ್‌ಫೇಸ್‌ನ ಹೆಲೋ ಟೈಮರ್ (ನೆರೆಯವರಿಗೆ ಎಷ್ಟು ಹೊತ್ತಿಗೊಮ್ಮೆ ಸಂದೇಶ ಹೋಗಬೇಕು ಅನ್ನುವುದು) 10 ಸೆಕೆಂಡು ಇದ್ದದ್ದನ್ನು 5 ಮಾಡಿ. ತಕ್ಷಣ ಏನೂ ಆಗುವುದಿಲ್ಲ. ಡೆಡ್ ಟೈಮರ್ (ಸಂದೇಶಕ್ಕಾಗಿ ಕಾಯುವ ಗಡುವು) ಮುಗಿದಾಗ ನೆರೆ ಸಂಬಂಧ ಕಡಿದುಹೋಗುತ್ತದೆ. ಸರಿ ಮಾಡಿ. ಮುಂದೆ ಏರಿಯಾ (ಓಎಸ್‌ಪಿಎಫ್‌ನ ಗುಂಪು) ಸಂಖ್ಯೆ ಬದಲಿಸಿ. ಆಮೇಲೆ ವೈಲ್ಡ್‌ಕಾರ್ಡ್ ಮಾಸ್ಕ್ (ಯಾವ ವಿಳಾಸಗಳು ಓಎಸ್‌ಪಿಎಫ್‌ಗೆ ಸೇರಬೇಕು ಅಂತ ಹೇಳುವುದು) ತಪ್ಪು ಕೊಡಿ. ಆಮೇಲೆ ನೆರೆಯವನತ್ತ ಇರುವ ಇಂಟರ್‌ಫೇಸ್ ಅನ್ನೇ ಪ್ಯಾಸಿವ್ (ಹೆಲೋ ಕಳಿಸದಂತೆ) ಮಾಡಿ. ನಾಲ್ಕರಲ್ಲೂ ಮೇಲ್ನೋಟಕ್ಕೆ ಕಾಣುವುದು ಒಂದೇ: ನೆರೆಯವರ ಪಟ್ಟಿ ಖಾಲಿ. ಕಾರಣ ನಾಲ್ಕು ಬೇರೆ. ಯಾವ ಶೋ ಕಮಾಂಡ್ ಯಾವುದನ್ನು ಬಯಲು ಮಾಡುತ್ತದೆ ಅಂತ ಪತ್ತೆ ಹಚ್ಚುವುದೇ ಟ್ರಬಲ್‌ಶೂಟಿಂಗ್. ಕೆಲಸದಲ್ಲಿ ಸಂಬಳ ಕೊಡುವುದು ಇದಕ್ಕೇ. ನಡೆಯುತ್ತಿರುವ ನಿಜವಾದ ನೆಟ್‌ವರ್ಕ್‌ನಲ್ಲಿ ಇಷ್ಟು ಕೆಡಿಸಲು ಯಾರೂ ಬಿಡುವುದಿಲ್ಲ.

ಇಷ್ಟವಾಗದ ವಿಷಯಗಳೂ ಇವೆ. ಪ್ರತಿ ಸಾಧನಕ್ಕೂ ಕಾನ್ಫಿಗ್ ಅಂತ ಒಂದು ಟ್ಯಾಬ್ ಇದೆ. ಅಲ್ಲಿ ಖಾಲಿ ಜಾಗದಲ್ಲಿ ಐಪಿ ತುಂಬಿದರೆ ಸಾಕು, ಕಮಾಂಡ್ ತಾನೇ ಓಡುತ್ತದೆ. ಪಿಸಿಗೆ ಪರವಾಗಿಲ್ಲ. ರೂಟರ್‌ಗೆ ಅದನ್ನು ಬಳಸಿದರೆ ಕಲಿಕೆ ಅಲ್ಲಿಗೇ ನಿಂತಿತು. ತಾನೇ ಕೇಬಲ್ ಆರಿಸಿಕೊಳ್ಳುವ ಮಿಂಚಿನ ಗುರುತೂ ಹಾಗೇ. ಇವತ್ತಿನ ಬಹುತೇಕ ಸ್ವಿಚ್‌ಗಳಲ್ಲಿ ಸ್ಟ್ರೇಟ್, ಕ್ರಾಸ್‌ಓವರ್ ಯಾವುದು ಹಾಕಿದರೂ ಸಾಧನವೇ ಸರಿ ಮಾಡಿಕೊಳ್ಳುತ್ತದೆ ನಿಜ. ಆದರೆ ಆ ಗುರುತು ಯಾವ ಪೋರ್ಟ್‌ಗೆ ಹಾಕಬೇಕು ಅನ್ನುವುದನ್ನೂ ನಿಮ್ಮ ಕೈಯಿಂದ ಕಿತ್ತುಕೊಳ್ಳುತ್ತದೆ.

ಅಂಕ ಕೊಡುವ ರೆಡಿಮೇಡ್ ಚಟುವಟಿಕೆಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ. ಸೂಚನೆ ಓದಿ, ಕಮಾಂಡ್ ಹೊಡೆದು, ಮೇಲೆ ಶೇಕಡಾ 100 ಅಂತ ಬಂದರೆ ಖುಷಿಯಾಗುತ್ತದೆ. ಅದು ನೋಡುವುದು ಕಾನ್ಫಿಗರೇಶನ್ ಸರಿ ಇದೆಯಾ ಅಂತ. ಯಾಕೆ ಹಾಗೆ ಮಾಡಿದಿರಿ ಅಂತ ಕೇಳುವುದಿಲ್ಲ. ಒಂದು ವಿಷಯ ಮುಗಿದ ಮರುದಿನ ಖಾಲಿ ಪರದೆಯಲ್ಲಿ ಅದೇ ಲ್ಯಾಬ್ ಅನ್ನು ನೋಡದೆ ಕಟ್ಟಲು ಆಗುತ್ತಾ? ಆದರೆ ಸರಿ. ಇಲ್ಲದಿದ್ದರೆ ಆ 100 ಸುಳ್ಳು.

ಅನುಕರಣೆಯ ಮಿತಿ ಬಗ್ಗೆ ಆಗಲೇ ಹೇಳಿದೆ. ನಿಜವಾದ ಐಓಎಸ್‌ನಲ್ಲಿರುವ (ಸಿಸ್ಕೋ ರೂಟರ್, ಸ್ವಿಚ್‌ಗಳ ಆಪರೇಟಿಂಗ್ ಸಿಸ್ಟಮ್) ಕಮಾಂಡ್‌ಗಳಲ್ಲಿ ಒಂದು ಭಾಗ ಮಾತ್ರ ಇಲ್ಲಿದೆ. ಸರಿಯಾದ ಕಮಾಂಡ್ ಕೊಟ್ಟರೂ "ಇನ್‌ವ್ಯಾಲಿಡ್ ಇನ್‌ಪುಟ್" ಅಂದರೆ, ತಪ್ಪು ನಿಮ್ಮದೋ ಅದರದೋ ಅನ್ನುವ ಗೊಂದಲ ಶುರು. ಪ್ರಶ್ನಾರ್ಥಕ ಚಿಹ್ನೆ ಒತ್ತಿ ಪಟ್ಟಿ ನೋಡಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಇಲ್ಲಿ ಇಲ್ಲ, ಅಷ್ಟೇ. ನಿಜವಾದ ದಟ್ಟಣೆ, ನಿಜವಾದ ವಿಳಂಬ, ಹಾಳಾದ ಕೇಬಲ್ ಕೊಡುವ ಕಾಟ ಇವೂ ಇಲ್ಲಿ ಅನುಭವಕ್ಕೆ ಬರುವುದಿಲ್ಲ.

ಹಾಗಾಗಿ ಇದರ ಪಕ್ಕದಲ್ಲಿ ವೈರ್‌ಶಾರ್ಕ್ (ನಿಜವಾಗಿ ಓಡಾಡುವ ಪ್ಯಾಕೆಟ್ ಹಿಡಿದು ತೋರಿಸುವ ಸಾಫ್ಟ್‌ವೇರ್) ಇಟ್ಟುಕೊಳ್ಳಿ. ಅದೂ ಉಚಿತ. 1998ರಲ್ಲಿ ಎಥೀರಿಯಲ್ ಅನ್ನುವ ಹೆಸರಲ್ಲಿ ಬಂದದ್ದು, 2006ರಲ್ಲಿ ಹೆಸರು ಬದಲಾಯಿತು. ನಿಮ್ಮದೇ ಕಂಪ್ಯೂಟರ್‌ನಲ್ಲಿ ಒಂದು ವೆಬ್‌ಸೈಟ್ ತೆರೆದು, ಡಿಎನ್‌ಎಸ್ ಪ್ರಶ್ನೆ (ಈ ಹೆಸರಿನ ಐಪಿ ಯಾವುದು ಅಂತ) ಹೋಗುವುದು, ಆಮೇಲೆ ಟಿಸಿಪಿ ಸಂಪರ್ಕ ಶುರು ಮಾಡುವ ಸಿನ್, ಸಿನ್-ಆಕ್, ಆಕ್ ಮೂರು ಸಾಲು ಬರುವುದು ನೋಡಿ. ಕೆಲವು ಸಲ ಟಿಸಿಪಿ ಬದಲು ಕ್ವಿಕ್ ಅನ್ನುವ ಹೊಸ ಪ್ರೋಟೋಕಾಲ್ ಕಾಣುತ್ತದೆ. ಪುಸ್ತಕಕ್ಕೂ ಲೋಕಕ್ಕೂ ಇರುವ ಅಂತರ ಅಲ್ಲಿ ಗೊತ್ತಾಗುತ್ತದೆ. ಸಿಸಿಎನ್‌ಪಿ (ಸಿಸಿಎನ್‌ಎ ನಂತರದ ಹಂತ) ಕಡೆ ಹೊರಟವರಿಗೆ ಪ್ಯಾಕೆಟ್ ಟ್ರೇಸರ್ ಸಾಲದು. ಜಿಎನ್‌ಎಸ್3, ಈವ್-ಎನ್‌ಜಿ ಅಥವಾ ಸಿಸ್ಕೋ ಮಾಡೆಲಿಂಗ್ ಲ್ಯಾಬ್ಸ್ ಬೇಕೇ ಬೇಕು. ಅವು ನಿಜವಾದ ಸಾಫ್ಟ್‌ವೇರ್ ಇಮೇಜ್ ಓಡಿಸುತ್ತವೆ, ಹಾಗಾಗಿ ರ‍್ಯಾಮ್ ಜಾಸ್ತಿ ತಿನ್ನುತ್ತವೆ. ಸಿಸಿಎನ್‌ಎಗೆ ಮೊದಲೇ ಅವುಗಳ ಹಿಂದೆ ಬಿದ್ದರೆ ಇಮೇಜ್ ಹುಡುಕುವುದರಲ್ಲೇ ವಾರಗಳು ಹೋಗುತ್ತವೆ, ಓದು ನಡೆಯುವುದಿಲ್ಲ.

ಪರೀಕ್ಷೆಯ ಲೆಕ್ಕಕ್ಕೆ ಬರೋಣ. ಈಗಿನ ಸಿಸಿಎನ್‌ಎ ಪರೀಕ್ಷೆ (ಸಂಕೇತ 200-301) 2020ರ ಫೆಬ್ರವರಿಯಲ್ಲಿ ಬಂತು, 2024ರಲ್ಲಿ 1.1 ಆವೃತ್ತಿಯ ವಿಷಯಪಟ್ಟಿ ಜಾರಿಯಾಯಿತು. ಸಮಯ 120 ನಿಮಿಷ. ಒಂದು ಪ್ರಶ್ನೆ ದಾಟಿದರೆ ಹಿಂದಕ್ಕೆ ಬರಲು ಆಗುವುದಿಲ್ಲ, ಇದನ್ನು ಕೊನೆಯವರೆಗೂ ನೆನಪಿಡಿ. ಮೂಲ ಪರಿಕಲ್ಪನೆಗೆ ಶೇಕಡಾ 20, ಸ್ವಿಚಿಂಗ್ ಮತ್ತು ವಿಲ್ಯಾನ್ ಇರುವ ಭಾಗಕ್ಕೆ 20, ರೂಟಿಂಗ್‌ಗೆ 25, ಭದ್ರತೆಗೆ 15, ಐಪಿ ಸೇವೆಗಳಿಗೆ 10, ಆಟೊಮೇಶನ್‌ಗೆ 10. ಮೊದಲ ಮೂರಕ್ಕೆ ಪ್ಯಾಕೆಟ್ ಟ್ರೇಸರ್ ಧಾರಾಳ ಸಾಕು. ಎಸಿಎಲ್ (ಯಾವ ಪ್ಯಾಕೆಟ್ ಬಿಡಬೇಕು, ಯಾವುದು ಬೇಡ ಅನ್ನುವ ಪಟ್ಟಿ), ಪೋರ್ಟ್ ಸೆಕ್ಯೂರಿಟಿ, ಎನ್‌ಎಟಿ, ಡಿಎಚ್‌ಸಿಪಿ ಕೂಡ ಚೆನ್ನಾಗಿ ಕಲಿಯಬಹುದು. ವೈರ್‌ಲೆಸ್ ಕಂಟ್ರೋಲರ್ ಇದೆ, ಮುಖ ಪರಿಚಯಕ್ಕೆ ಸರಿ. ಆಟೊಮೇಶನ್ ಭಾಗ ಓದಿಯೇ ಕಲಿಯಬೇಕು. ಜೇಸನ್ (ಮಾಹಿತಿ ಬರೆದಿಡುವ ಒಂದು ಪಠ್ಯ ರೂಪ) ಓದಲು ಬಂದರೆ, ರೆಸ್ಟ್ ಎಪಿಐ (ಸಾಫ್ಟ್‌ವೇರ್‌ಗಳು ವೆಬ್ ಮೂಲಕ ಮಾತಾಡುವ ವಿಧಾನ) ಏನು ಮಾಡುತ್ತದೆ ಅಂತ ತಿಳಿದರೆ ಈ ಹಂತಕ್ಕೆ ಅರ್ಧ ಕೆಲಸ ಆಯಿತು.

ಸಬ್‌ನೆಟ್ಟಿಂಗ್ (ಒಂದು ನೆಟ್‌ವರ್ಕ್‌ನ ವಿಳಾಸಗಳನ್ನು ಸಣ್ಣ ಗುಂಪುಗಳಾಗಿ ಒಡೆಯುವ ಲೆಕ್ಕ) ಅಂತೂ ಯಾವ ಸಾಫ್ಟ್‌ವೇರ್ ಕೂಡ ಕಲಿಸಿಕೊಡುವುದಿಲ್ಲ. ಕಾಗದ, ಪೆನ್ನು, ಗಡಿಯಾರ. 192.168.10.77/26 ಅಂದ ತಕ್ಷಣ "64ರ ಗುಂಪು, ನೆಟ್‌ವರ್ಕ್ 64, ಬ್ರಾಡ್‌ಕಾಸ್ಟ್ 127, ನಡುವಿನ 62 ಬಳಸಬಹುದು" ಅಂತ ತಡವರಿಸದೆ ಬರಬೇಕು. ಅಷ್ಟು ಬಂದ ಮೇಲೆ ಲ್ಯಾಬ್‌ನಲ್ಲಿ ಆ ಲೆಕ್ಕ ಹಾಕಿ ವಿಳಾಸ ಕೊಡಿ. ಮೊದಲೇ ಕ್ಯಾಲ್ಕುಲೇಟರ್ ವೆಬ್‌ಸೈಟ್ ತೆರೆದರೆ ಪರೀಕ್ಷೆಯ ಹಾಲ್‌ನಲ್ಲಿ ಅದು ಇರುವುದಿಲ್ಲ.

ಸರ್ಟಿಫಿಕೇಟ್ ಮೂರು ವರ್ಷಕ್ಕೆ ಮುಗಿಯುತ್ತದೆ. ನವೀಕರಣದ ಹೊತ್ತಿಗೆ ಹಳೆಯ ಲ್ಯಾಬ್ ಫೈಲ್‌ಗಳು ಬಹಳ ಉಪಯೋಗಕ್ಕೆ ಬರುತ್ತವೆ, ಹಾಗಾಗಿ ಅಳಿಸಬೇಡಿ. ಫೈಲ್‌ಗೆ ಅರ್ಥವಾಗುವ ಹೆಸರಿಡಿ, ಪರದೆಯ ಮೇಲೆ ನೋಟ್ ಹಾಕುವ ಸೌಲಭ್ಯ ಬಳಸಿ ಯಾವ ಇಂಟರ್‌ಫೇಸ್‌ಗೆ ಯಾವ ವಿಳಾಸ ಅಂತ ಬರೆದಿಡಿ. ರೂಟರ್‌ಗೆ ಹೊಸ ಮಾಡ್ಯೂಲ್ ಸೇರಿಸಲು ಪವರ್ ಆರಿಸಲೇಬೇಕು. ಅದಕ್ಕೆ ಮುಂಚೆ ರನ್ನಿಂಗ್ ಕಾನ್ಫಿಗ್ ಅನ್ನು ಸ್ಟಾರ್ಟಪ್‌ಗೆ ಉಳಿಸಿ, ಇಲ್ಲದಿದ್ದರೆ ನಿಜವಾದ ರೂಟರ್‌ನಂತೆ ಇದೂ ಎಲ್ಲಾ ಮರೆತು ಏಳುತ್ತದೆ. ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲ್ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಗೆಳೆಯರ ಜೊತೆ ಲ್ಯಾಬ್ ಹಂಚಿಕೊಂಡು ಓದುವವರು ಮೊದಲೇ ಎಲ್ಲರೂ ಒಂದೇ ಆವೃತ್ತಿ ಹಾಕಿಕೊಳ್ಳಿ.